ಮೆಷಿನ್ ಕೈಕೊಡುವ ಮುಂಚೆ ತಿಳಿಯಲು: ಪೆನ್ ಮೀಟರ್, ಅನಲೈಸರ್, ವೈರ್‌ಲೆಸ್ ಸೆನ್ಸರ್ – ಯಾವುದು ಯಾರಿಗೆ?

ಕಾರ್ಖಾನೆಯ ಮೆಂಟೇನೆನ್ಸ್‌ನವರು ಈಗೀಗ ಜಾಸ್ತಿ ಕೇಳುವ ಪ್ರಶ್ನೆ: "ಯಾವ ವೈಬ್ರೇಶನ್ ಸೆನ್ಸರ್ ತಗೊಳ್ಳೋದು?" ಮೆಷಿನ್‌ನ ಅದುರು (ವೈಬ್ರೇಶನ್) ಅಳೆದು ತೊಂದರೆಯ ಸುಳಿವು ಕೊಡುವ ಸಾಧನ ಅದು. ಮಾರಲು ಬಂದವರ ಲ್ಯಾಪ್‌ಟಾಪ್‌ನಲ್ಲಿ ಹಸಿರು, ಹಳದಿ, ಕೆಂಪು ದೀಪಗಳ ಚಂದದ ಪರದೆ ಇರುತ್ತದೆ. ಮಾಲೀಕರಿಗೆ ಇಷ್ಟವಾಗುತ್ತದೆ, ಆರ್ಡರ್ ಹೋಗುತ್ತದೆ. ಆರು ತಿಂಗಳು ಕಳೆದ ಮೇಲೆ ಎಷ್ಟೋ ಕಡೆ ಆ ಪರದೆಯನ್ನು ತೆರೆಯುವವರೇ ಇರುವುದಿಲ್ಲ. ಸೆನ್ಸರ್ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಆದರೆ ಆ ಮೆಷಿನ್‌ಗೆ ಅದು ಬೇಕಿರಲಿಲ್ಲ. ಇಲ್ಲವೇ ಕೆಂಪು ದೀಪ ಬಂದಾಗ ಮೆಷಿನ್ ನಿಲ್ಲಿಸಿ ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ.

ಆದ್ದರಿಂದ ಇಲ್ಲಿ ಸಾಧನಗಳನ್ನು ಬೆಲೆಯಿಂದಾಗಲಿ ಫೀಚರ್‌ಗಳಿಂದಾಗಲಿ ಹೋಲಿಸುತ್ತಿಲ್ಲ. ಮೂರು ಪ್ರಶ್ನೆ ಇಟ್ಟುಕೊಂಡು ಹೋಲಿಸುತ್ತಿದ್ದೇನೆ. ತೊಂದರೆಯ ಮೊದಲ ಸುಳಿವು ಸಿಕ್ಕ ದಿನದಿಂದ ಮೆಷಿನ್ ನಿಲ್ಲುವ ದಿನದವರೆಗೆ ಎಷ್ಟು ಸಮಯ ಇರುತ್ತದೆ? ಅದು ನಿಂತರೆ ಅದರ ಜೊತೆಗೆ ಏನೇನು ನಿಲ್ಲುತ್ತದೆ? ರೀಡಿಂಗ್ ನೋಡಿ ತೀರ್ಮಾನ ಮಾಡುವವರು ಯಾರು? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಏನನ್ನೂ ಕೊಳ್ಳಬೇಡಿ.

ಅದುರು ಏನು ಹೇಳುತ್ತದೆ

ತಿರುಗುವ ಮೆಷಿನ್ ಎಂದ ಮೇಲೆ ಸ್ವಲ್ಪವಾದರೂ ಅದುರುತ್ತದೆ. ಎಷ್ಟು ಜೋರಾಗಿ ಅದುರುತ್ತಿದೆ ಎಂದು ನೋಡಿದರೆ ತೊಂದರೆ ಇದೆಯೋ ಇಲ್ಲವೋ ತಿಳಿಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಅದುರುತ್ತಿದೆ ಎಂದು ನೋಡಿದರೆ ಯಾವ ತೊಂದರೆ ಎನ್ನುವುದೂ ತಿಳಿಯುತ್ತದೆ. ಅಗ್ಗದ ಸಾಧನಗಳು ಮೊದಲನೆಯದನ್ನು ಮಾತ್ರ ಕೊಡುತ್ತವೆ. ದುಬಾರಿ ಸಾಧನಕ್ಕೆ ದುಡ್ಡು ಕೊಡುವುದು ಎರಡನೆಯದಕ್ಕೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2 ಎಚ್‌ಪಿ, ನಾಲ್ಕು ಪೋಲ್‌ನ ಮಾಮೂಲಿ ಮೋಟಾರ್. ಅದು 1440 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 24 ಸುತ್ತು, ಅಂದರೆ 24 ಹರ್ಟ್ಜ್. ಅದಕ್ಕೆ ಕೂರಿಸಿದ ಫ್ಯಾನಿನ ರೆಕ್ಕೆಗೆ ಒಂದು ಕಡೆ ಧೂಳು ಮೆತ್ತಿ ತೂಕ ತಪ್ಪಿದರೆ 24 ಹರ್ಟ್ಜ್‌ನಲ್ಲಿ ಅದುರು ಏರುತ್ತದೆ. ಎರಡು ಶಾಫ್ಟ್ ಜೋಡಿಸುವ ಕಪ್ಲಿಂಗ್‌ನ ಅಲೈನ್‌ಮೆಂಟ್ (ನೇರ ಸಾಲು) ಹೋಗಿದ್ದರೆ ಸಾಮಾನ್ಯವಾಗಿ 48 ಹರ್ಟ್ಜ್ ಕೂಡ ಏಳುತ್ತದೆ, ಶಾಫ್ಟ್‌ನ ಉದ್ದಕ್ಕೂ ಅದುರು ಹೆಚ್ಚುತ್ತದೆ. ಫೌಂಡೇಶನ್ ಬೋಲ್ಟ್ ಸಡಿಲವಾಗಿದ್ದರೆ ಸಾಧನದ ಪರದೆಯಲ್ಲಿ 24, 48, 72, 96 ಹೀಗೆ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. 100 ಹರ್ಟ್ಜ್ ಎದ್ದರೆ ವಿದ್ಯುತ್ತಿನ ಕಡೆ ಅನುಮಾನ ಪಡಬೇಕು, ಯಾಕೆಂದರೆ ಅದು ನಮ್ಮ 50 ಹರ್ಟ್ಜ್ ಕರೆಂಟಿನ ಎರಡರಷ್ಟು. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಸಪ್ಲೈ ಕಟ್ ಮಾಡಿ. ಮೋಟಾರ್ ಇನ್ನೂ ತಿರುಗುತ್ತಿರುವಾಗಲೇ ಅದುರು ತಟ್ಟನೆ ಮಾಯವಾದರೆ ಕಾರಣ ಕರೆಂಟು. ವೇಗ ಇಳಿದಂತೆ ನಿಧಾನವಾಗಿ ಇಳಿದರೆ ಕಾರಣ ಮೆಕ್ಯಾನಿಕಲ್.

ಬೇರಿಂಗ್ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಇಷ್ಟು ಗಾತ್ರದ ಮೋಟಾರಿನಲ್ಲಿ ಸಾಮಾನ್ಯವಾಗಿ 6205 ಬೇರಿಂಗ್ ಇರುತ್ತದೆ, ಅದರೊಳಗೆ 9 ಗುಂಡು. ಒಳಗೊಂದು ಹೊರಗೊಂದು ಬಳೆಯ (ರೇಸ್) ನಡುವೆ ಆ ಗುಂಡುಗಳು ಉರುಳುತ್ತವೆ. ಹೊರಗಿನ ರೇಸ್‌ನಲ್ಲಿ ಸಣ್ಣ ಗುಳಿ ಬಿದ್ದರೆ ಗುಂಡುಗಳು ಅದರ ಮೇಲೆ ಹಾಯುವಾಗ ಸೆಕೆಂಡಿಗೆ ಸುಮಾರು 86 ಪೆಟ್ಟು ಬೀಳುತ್ತವೆ. ಒಳಗಿನ ರೇಸ್‌ನಲ್ಲಿ ಬಿದ್ದರೆ ಸುಮಾರು 130. ಎರಡನ್ನೂ 24ರಿಂದ ಭಾಗಿಸಿ ನೋಡಿ, ಪೂರ್ಣಸಂಖ್ಯೆ ಬರುವುದಿಲ್ಲ. ಹಾಗಾಗಿ ಬೇರಿಂಗ್ ದೋಷದ ಗೆರೆಗಳು ಉಳಿದವುಗಳ ಜೊತೆ ಬೆರೆಯದೆ ಬೇರೆಯಾಗಿ ಕಾಣುತ್ತವೆ. ಕೈಲೆಕ್ಕಕ್ಕೆ ಒಂದು ಸೂತ್ರ ಇದೆ: ಗುಂಡುಗಳ ಸಂಖ್ಯೆಯನ್ನು ಸುತ್ತಿನ ವೇಗದಿಂದ ಗುಣಿಸಿ, ಅದರ 0.4 ಪಾಲು ಹೊರ ರೇಸ್, 0.6 ಪಾಲು ಒಳ ರೇಸ್. ಈ ಲೆಕ್ಕಕ್ಕೆ ಬೇರಿಂಗ್ ನಂಬರ್ ಬೇಕಲ್ವಾ? ಅದನ್ನು ಬರೆದಿಟ್ಟುಕೊಂಡ ಕಾರ್ಖಾನೆಗಳು ಕಡಿಮೆ. ಮೋಟಾರ್ ರಿವೈಂಡಿಂಗ್‌ಗೆ ಹೋಗಿ ಬಂದಾಗಲೆಲ್ಲ ಯಾವ ಬೇರಿಂಗ್ ಹಾಕಿದರು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಇದಕ್ಕೆ ಖರ್ಚೇನೂ ಇಲ್ಲ.

ಎಚ್ಚರಿಕೆಗೆ ಸಿಗುವ ಸಮಯ

ಬೇರಿಂಗ್ ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಕಿವಿಗೆ ಕೇಳದಷ್ಟು ಎತ್ತರದ ಶಬ್ದ ಹುಟ್ಟುತ್ತದೆ, ಅಲ್ಟ್ರಾಸೌಂಡ್ ಸಾಧನ ಅದನ್ನು ಹಿಡಿಯುತ್ತದೆ. ಆಮೇಲೆ ಕೆಲವು ಸಾವಿರ ಹರ್ಟ್ಜ್‌ನ ಅದುರು. ಆಮೇಲೆ ಮೇಲೆ ಹೇಳಿದ 86, 130ರಂಥ ಗೆರೆಗಳು ಸ್ಪಷ್ಟವಾಗುತ್ತವೆ. ಒಟ್ಟು ಅದುರು ಏರುವುದು ಅದಕ್ಕೂ ಆಮೇಲೆ. ಕಿವಿಗೆ ಸದ್ದು ಬರುವುದು, ಕೈಗೆ ಬಿಸಿ ತಟ್ಟುವುದು ಕೊನೆಯ ಹಂತದಲ್ಲಿ. "ಬಿಸಿಯಾಗಿದೆ ಸಾರ್" ಎಂದು ಆಪರೇಟರ್ ಬಂದು ಹೇಳುವ ಹೊತ್ತಿಗೆ ಉಳಿದಿರುವುದು ಕೆಲವು ದಿನ, ಕೆಲವು ಸಲ ಕೆಲವೇ ಗಂಟೆ. ಮೊದಲ ಹಂತದಲ್ಲೇ ಹಿಡಿದಿದ್ದರೆ ವಾರಗಳು, ಎಷ್ಟೋ ಸಲ ತಿಂಗಳುಗಳೇ ಸಿಗುತ್ತಿದ್ದವು. ಹೊಸ ಬೇರಿಂಗ್ ತರಿಸಿ, ಭಾನುವಾರದ ರಜೆಯಲ್ಲಿ ಬದಲಿಸಲು ಅಷ್ಟು ಸಾಕು.

ಎಷ್ಟು ದಿನಕ್ಕೊಮ್ಮೆ ರೀಡಿಂಗ್ ತೆಗೆಯಬೇಕು ಎನ್ನುವುದನ್ನು ಈ ಅವಧಿಯೇ ಹೇಳುತ್ತದೆ. ಸುಳಿವಿನಿಂದ ಬ್ರೇಕ್‌ಡೌನ್‌ವರೆಗೆ ಎರಡು ತಿಂಗಳು ಸಿಗುವ ಮೋಟಾರಿಗೆ ತಿಂಗಳಿಗೊಮ್ಮೆ ರೀಡಿಂಗ್ ಸಾಕು. ಎರಡೇ ದಿನ ಸಿಗುವ ಮೆಷಿನ್‌ಗೆ ತಿಂಗಳ ರೀಡಿಂಗ್ ಸುಮ್ನೆ ದಂಡ.

ಇಷ್ಟೆಲ್ಲ ಯಾಕೆ, ವರ್ಷಕ್ಕೊಮ್ಮೆ ಎಲ್ಲ ಬೇರಿಂಗ್ ಬದಲಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಅಲ್ಲಿನ ರಕ್ಷಣಾ ಇಲಾಖೆಗೆ ಒಂದು ವರದಿ ಕೊಟ್ಟರು. ಅವರು ನೋಡಿದ ವಿಮಾನದ ಬಿಡಿಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಗುಣ ಇದ್ದದ್ದು ಶೇಕಡ 11ಕ್ಕೆ ಮಾತ್ರ. ಉಳಿದ ಶೇಕಡ 89ರಲ್ಲಿ ಇಷ್ಟು ಗಂಟೆ ಓಡಿದ ಮೇಲೆ ಬದಲಿಸಿ ಎನ್ನುವ ನಿಯಮದಿಂದ ಲಾಭ ಇರಲಿಲ್ಲ. ಅದು ವಿಮಾನದ ಲೆಕ್ಕ, ನಿಮ್ಮ ಬ್ಲೋವರ್‌ಗೆ ಹಾಗೇ ಹೊಂದುವುದಿಲ್ಲ. ಆದರೆ ಚೆನ್ನಾಗಿರುವ ಬೇರಿಂಗ್ ಕಿತ್ತು, ಹೊಸದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಕೆಡಿಸುವುದು ನಮ್ಮ ಕಾರ್ಖಾನೆಗಳಲ್ಲೂ ನಡೆಯುವ ವಿಷಯವೇ. ಬೇರಿಂಗ್ ಕಂಪನಿ ಬರೆದ ಆಯುಸ್ಸಿಗೂ ಒಂದು ಷರತ್ತು ಇದೆ: ಅಷ್ಟು ಕಾಲ ಬಾಳುವುದು ನೂರರಲ್ಲಿ 90. ಉಳಿದ ಹತ್ತು ಮೊದಲೇ ಹೋಗಬಹುದು. ಆ ಹತ್ತರಲ್ಲಿ ನಿಮ್ಮದು ಇದೆಯೇ ಎಂದು ಕ್ಯಾಲೆಂಡರ್ ಹೇಳುವುದಿಲ್ಲ.

ಪೆನ್ ಮೀಟರ್: ಮೊದಲು ಇದನ್ನೇ ತಗೊಳ್ಳಿ

ಜೇಬಿನಲ್ಲಿ ಹಿಡಿಸುವ ಮೀಟರ್, ಬೆಲೆ ಕೆಲವು ಸಾವಿರ ರೂಪಾಯಿಯಿಂದ ಶುರು. ಬೇರಿಂಗ್ ಹೌಸಿಂಗ್‌ಗೆ (ಬೇರಿಂಗ್ ಕೂತ ಗೂಡಿಗೆ) ತುದಿ ಒತ್ತಿದರೆ ಒಂದು ಅಂಕಿ ಬರುತ್ತದೆ. ಅದುರಿನ ವೇಗ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ಎನ್ನುವ ಲೆಕ್ಕ.

ಆ ಅಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಐಎಸ್‌ಒ ಮಾನದಂಡ ಇದೆ. ಹಿಂದೆ 10816-3 ಎನ್ನುತ್ತಿದ್ದರು, 2022ರಿಂದ ಅದರ ಜಾಗಕ್ಕೆ 20816-3 ಬಂದಿದೆ. 15ರಿಂದ 300 ಕಿಲೋವ್ಯಾಟ್‌ವರೆಗಿನ, ಗಟ್ಟಿ ಫೌಂಡೇಶನ್ ಮೇಲೆ ಕೂತ ಮೆಷಿನ್‌ಗೆ 10816-3 ಹಾಕಿದ ಗೆರೆಗಳು ಹೀಗಿವೆ: 1.4ರ ಒಳಗೆ ಇದ್ದರೆ ಹೊಸ ಮೆಷಿನ್‌ನಷ್ಟು ಚೆನ್ನ, 2.8ರವರೆಗೆ ಚಿಂತೆಯಿಲ್ಲದೆ ಓಡಿಸಬಹುದು, 2.8ರಿಂದ 4.5ರ ನಡುವೆ ಇದ್ದರೆ ರಿಪೇರಿಗೆ ದಿನ ಗೊತ್ತು ಮಾಡಿ, 4.5 ದಾಟಿದರೆ ಹಾನಿ ಆಗುತ್ತಿದೆ. ಕಬ್ಬಿಣದ ಫ್ರೇಮ್, ಸ್ಪ್ರಿಂಗ್ ಅಥವಾ ರಬ್ಬರ್ ಪ್ಯಾಡ್ ಮೇಲೆ ಕೂತ ಮೆಷಿನ್‌ಗೆ ಇದೇ ಗೆರೆಗಳು 2.3, 4.5, 7.1. ಅಟ್ಟದ ಮೇಲೆ ಕೂರಿಸಿದ ಬ್ಲೋವರ್‌ಗೆ ಗಟ್ಟಿ ಫೌಂಡೇಶನ್‌ನ ಮಿತಿ ಹಿಡಿದು ಗಾಬರಿಯಾಗುವವರು ಬಹಳ.

ನನ್ನ ಮಟ್ಟಿಗೆ ಈ ಪಟ್ಟಿಗಿಂತ ಮುಖ್ಯವಾದದ್ದು ನಿಮ್ಮದೇ ಮೆಷಿನ್‌ನ ಹಳೆಯ ರೀಡಿಂಗ್. ವರ್ಷಪೂರ್ತಿ 3.5 ತೋರಿಸುತ್ತಿರುವ ಪಂಪ್‌ಗಿಂತ, 0.9 ಇದ್ದದ್ದು ಮೂರು ವಾರದಲ್ಲಿ 2.2 ಆದ ಪಂಪ್ ಬಗ್ಗೆ ನಾನು ಜಾಸ್ತಿ ಚಿಂತೆ ಮಾಡುತ್ತೇನೆ. ಹಾಗೆ ಹೋಲಿಸಬೇಕೆಂದರೆ ಪ್ರತಿ ಸಲ ಅದೇ ಜಾಗ, ಅದೇ ದಿಕ್ಕು, ಅದೇ ಲೋಡ್ ಇರಬೇಕು. ಪೇಂಟ್‌ನಲ್ಲಿ ಚುಕ್ಕಿ ಇಟ್ಟುಬಿಡಿ. ಅಡ್ಡ, ಲಂಬ, ಶಾಫ್ಟ್‌ನ ಉದ್ದಕ್ಕೆ, ಹೀಗೆ ಒಂದು ಬೇರಿಂಗ್‌ಗೆ ಮೂರು ರೀಡಿಂಗ್. ಫ್ಯಾನ್ ಕವರ್ ಮೇಲೋ ತಗಡಿನ ಗಾರ್ಡ್ ಮೇಲೋ ಇಟ್ಟು ತೆಗೆದ ರೀಡಿಂಗ್‌ಗೆ ಅರ್ಥವಿಲ್ಲ.

ಇದರ ಮಿತಿಗಳೂ ಸ್ಪಷ್ಟ. ಥರ್ಮಾಮೀಟರ್‌ನಂತೆ ಇದು ಜ್ವರ ಇದೆ ಎನ್ನುತ್ತದೆ, ಯಾವ ಜ್ವರ ಎನ್ನುವುದಿಲ್ಲ. ಇಂಥ ಮೀಟರ್‌ಗಳು ಅದುರಿನ ವೇಗವನ್ನು ಅಳೆಯುವುದು 10ರಿಂದ 1000 ಹರ್ಟ್ಜ್ ಒಳಗೆ. ಬೇರಿಂಗ್‌ನ ಮೊದಲ ಹಂತದ ಸುಳಿವು ಅದಕ್ಕಿಂತ ಮೇಲೆ ಇರುತ್ತದೆ. ಬಾಕ್ಸ್ ಮೇಲೆ 10,000 ಹರ್ಟ್ಜ್ ಎಂದು ಬರೆದಿದ್ದರೂ ಕೈಯಲ್ಲಿ ಒತ್ತಿ ಹಿಡಿದ ಕಡ್ಡಿ ಸಾವಿರ ಹರ್ಟ್ಜ್ ಆಚೆಗೆ ಅದುರನ್ನು ಸರಿಯಾಗಿ ದಾಟಿಸುವುದಿಲ್ಲ. ಆಯಸ್ಕಾಂತದಲ್ಲಿ ಕಚ್ಚಿಸಿದರೆ ಇನ್ನಷ್ಟು ಸಿಗುತ್ತದೆ, ಬೋಲ್ಟ್ ಹಾಕಿ ಬಿಗಿದರೆ ಪೂರ್ತಿ ಸಿಗುತ್ತದೆ. ಇನ್ನೊಂದು ತುದಿಯಲ್ಲಿ, 10 ಹರ್ಟ್ಜ್ ಅಂದರೆ 600 ಆರ್‌ಪಿಎಂ. ಅದಕ್ಕಿಂತ ನಿಧಾನವಾಗಿ ತಿರುಗುವ ಶಾಫ್ಟ್‌ನ ತೂಕ ತಪ್ಪಿದ್ದನ್ನು ಈ ಮೀಟರ್ ಕಾಣುವುದೇ ಇಲ್ಲ.

ಹಳೆಯ ಫಿಟ್ಟರ್‌ಗಳು ಸ್ಕ್ರೂಡ್ರೈವರ್ ತುದಿ ಬೇರಿಂಗ್‌ಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಾರಲ್ಲ, ಅದನ್ನು ಬಿಡಿಸಬೇಡಿ. ಮೀಟರ್ ಬಂದ ಮೇಲೂ ಅವರು ಕೇಳಿದ್ದನ್ನು ರೀಡಿಂಗ್ ಪಕ್ಕದಲ್ಲೇ ಬರೆಸಿ.

ಹೊರಗಿನವರನ್ನು ಕರೆಸುವುದೋ, ಅನಲೈಸರ್ ಕೊಳ್ಳುವುದೋ

ಅದುರನ್ನು ಹರ್ಟ್ಜ್ ಲೆಕ್ಕದಲ್ಲಿ ಬಿಡಿಸಿ ತೋರಿಸುವ ಸಾಧನಕ್ಕೆ ಅನಲೈಸರ್ ಎನ್ನುತ್ತಾರೆ. ಸಾಫ್ಟ್‌ವೇರ್, ತರಬೇತಿ ಎಲ್ಲ ಸೇರಿ ಹಲವು ಲಕ್ಷಕ್ಕೆ ಹೋಗುತ್ತದೆ. ಅದನ್ನು ತಂದು ಬೀರುವಿನಲ್ಲಿ ಇಟ್ಟ ಕಾರ್ಖಾನೆಗಳು ಕಡಿಮೆಯೇನಿಲ್ಲ. ಕಲಿತ ಹುಡುಗ ಕೆಲಸ ಬಿಟ್ಟ, ಮುಂದಿನವನಿಗೆ ಯಾರೂ ಹೇಳಿಕೊಡಲಿಲ್ಲ, ಕಥೆ ಮುಗಿಯಿತು.

ಮುಖ್ಯವಾದ ಮೆಷಿನ್‌ಗಳು ಇಪ್ಪತ್ತು ಮೂವತ್ತರ ಒಳಗಿದ್ದರೆ ಹೊರಗಿನ ಸರ್ವಿಸ್‌ನವರನ್ನು ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಕರೆಸುವುದೇ ಮೇಲು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು ಸುತ್ತ ಇಂಥವರು ಸಿಗುತ್ತಾರೆ. ಬರುವವರಿಗೆ ಐಎಸ್‌ಒ 18436-2 ಪ್ರಕಾರದ ಸರ್ಟಿಫಿಕೇಟ್ ಇದೆಯೇ ಕೇಳಿ. ಅದರಲ್ಲಿ ನಾಲ್ಕು ದರ್ಜೆ ಇದೆ. ಒಂದನೇ ದರ್ಜೆಯವರು ರೀಡಿಂಗ್ ತೆಗೆಯಲು ಸಾಕು, ರಿಪೋರ್ಟ್‌ಗೆ ಸಹಿ ಹಾಕುವವರು ಎರಡನೇ ದರ್ಜೆಯಾದರೂ ಇರಲಿ.

ರಿಪೋರ್ಟ್ ಹೇಗಿದೆ ನೋಡಿಯೇ ಅವರ ಕೆಲಸ ಅಳೆಯಬಹುದು. "ಅದುರು ಹೆಚ್ಚಿದೆ, ಬೇರಿಂಗ್ ಪರೀಕ್ಷಿಸಿ, ಅಲೈನ್‌ಮೆಂಟ್ ಪರೀಕ್ಷಿಸಿ, ಫೌಂಡೇಶನ್ ಪರೀಕ್ಷಿಸಿ" ಎಂದು ಬರೆದರೆ ಅದು ಯಾವ ಮೆಷಿನ್‌ಗೂ ಹೊಂದುವ ಮಾತು. "ಮೋಟಾರಿನ ಕಪ್ಲಿಂಗ್ ಕಡೆಯ ಬೇರಿಂಗ್, ಹೊರ ರೇಸ್, ಮುಂದಿನ ಭೇಟಿಯೊಳಗೆ ಬದಲಿಸಿ" ಎಂದು ಬರೆಯುವವರಿಗೆ ದುಡ್ಡು ಕೊಡಿ. ಬದಲಿಸಿದ ಹಳೆಯ ಬೇರಿಂಗ್ ಎಸೆಯಬೇಡಿ. ಕಟ್ ಮಾಡಿ ಒಳಗೆ ನೋಡಿ, ಹೊರ ರೇಸ್‌ನಲ್ಲಿ ಗುಳಿ ಇದೆಯೋ ಇಲ್ಲವೋ. ಅಲ್ಲಿಗೆ ಅವರ ಪರೀಕ್ಷೆಯೂ ಆಯಿತು.

ಇವರಿಂದ ಇನ್ನೊಂದು ಲಾಭ ಇದೆ. ಅದೇ ಸಾಧನದಲ್ಲಿ ಫ್ಯಾನ್ ಬಿಚ್ಚದೆ ಜಾಗದಲ್ಲೇ ಬ್ಯಾಲೆನ್ಸ್ ಮಾಡಬಹುದು. ತೊಂದರೆ ಹೇಳಿ ಹೋಗುವವರಿಗಿಂತ ಸರಿಪಡಿಸಿ ಹೋಗುವವರು ಮೇಲು, ಅಲ್ವಾ?

ನೂರಾರು ಮೋಟಾರ್ ಇರುವ ಕಾರ್ಖಾನೆ, ಇದೇ ಕೆಲಸಕ್ಕೆಂದು ಇಬ್ಬರನ್ನು ಬಿಡಬಹುದು ಎಂದಾದರೆ ಸ್ವಂತ ಅನಲೈಸರ್ ಕೊಳ್ಳಿ. ಇಬ್ಬರು ಅಂದದ್ದು ಬೇಕೆಂದೇ.

ಯಾರೂ ಹೇಳದ ಆಯ್ಕೆ: 4–20 ಮಿಲಿಆಂಪ್ ಟ್ರಾನ್ಸ್‌ಮಿಟರ್

ಇದರ ಜಾಹೀರಾತು ಕಾಣುವುದಿಲ್ಲ, ಯಾಕೆಂದರೆ ಇದರಲ್ಲಿ ತಿಂಗಳ ಬಾಡಿಗೆ ಹುಟ್ಟುವುದಿಲ್ಲ. ಬೇರಿಂಗ್ ಹೌಸಿಂಗ್‌ಗೆ ಬೋಲ್ಟ್ ಹಾಕಿ ಬಿಗಿಯುವ ಸೆನ್ಸರ್, ಎರಡು ವೈರ್, ನೇರ ಪಿಎಲ್‌ಸಿಗೆ, ಅಂದರೆ ಮೆಷಿನ್‌ಗಳನ್ನು ನಡೆಸುವ ಕಂಟ್ರೋಲ್ ಕಂಪ್ಯೂಟರ್‌ಗೆ. ಅದುರು ಸೊನ್ನೆ ಇದ್ದರೆ 4 ಮಿಲಿಆಂಪ್, ಸೆಕೆಂಡಿಗೆ 25 ಮಿಲಿಮೀಟರ್ ಇದ್ದರೆ 20 ಮಿಲಿಆಂಪ್, ಹೀಗೆ ಏನೋ ಒಂದು ಅಳತೆ. ಪ್ರೆಶರ್, ಟೆಂಪರೇಚರ್ ಬರುವ ಪರದೆಯಲ್ಲೇ ಅದುರು ಕೂಡ ಬರುತ್ತದೆ. ಆಪರೇಟರ್ ಅದನ್ನು ದಿನವಿಡೀ ನೋಡುತ್ತಲೇ ಇರುತ್ತಾನೆ, ಹೊಸ ಆ್ಯಪ್ ಬೇಡ. ವೈರ್ ತುಂಡಾದರೆ 4ಕ್ಕಿಂತ ಕೆಳಗೆ ಇಳಿಯುತ್ತದೆ, ಸೆನ್ಸರ್ ಸತ್ತಿದೆ ಎಂದು ತಿಳಿಯುತ್ತದೆ. ಮಿತಿ ದಾಟಿದರೆ ಮೆಷಿನ್ ತಾನೇ ನಿಲ್ಲುವಂತೆ (ಟ್ರಿಪ್) ಮಾಡಲೂ ಬಹುದು.

ಕಾರಣ ಯಾವುದೆಂದು ಇದು ಹೇಳುವುದಿಲ್ಲ. ಆದರೆ ಫೌಂಡ್ರಿಯ ಡಸ್ಟ್ ಕಲೆಕ್ಟರ್ ಬ್ಲೋವರ್, ಬಾಯ್ಲರ್‌ನ ಹೊಗೆ ಎಳೆಯುವ ಐಡಿ ಫ್ಯಾನ್, ಕೂಲಿಂಗ್ ಟವರ್ ಫ್ಯಾನ್, ಇಂಥವುಗಳಿಗೆ ಕಾರಣ ಹೆಚ್ಚಾಗಿ ಗೊತ್ತಿರುವುದೇ: ರೆಕ್ಕೆಗೆ ಧೂಳು ಮೆತ್ತಿದೆ, ಅಥವಾ ರೆಕ್ಕೆ ಸವೆದಿದೆ. ಇವು ಬೇರಿಂಗ್‌ನಂತೆ ತಿಂಗಳುಗಟ್ಟಲೆ ಕಾಯುವುದಿಲ್ಲ. ಮೆತ್ತಿದ ಧೂಳಿನ ಒಂದು ಚಕ್ಕೆ ಕಳಚಿ ಬಿದ್ದರೆ ಅದುರು ಒಂದೇ ನಿಮಿಷದಲ್ಲಿ ಏರುತ್ತದೆ. ಪಿಎಲ್‌ಸಿ ಇರುವ ಕಾರ್ಖಾನೆಯಲ್ಲಿ ಇಂಥ ಫ್ಯಾನ್‌ಗಳಿಗೆ ನಾನು ವೈರ್‌ಲೆಸ್ ಸೂಚಿಸುವುದಿಲ್ಲ, ಇದನ್ನೇ ಸೂಚಿಸುತ್ತೇನೆ.

ವೈರ್‌ಲೆಸ್ ಸೆನ್ಸರ್: ಯಾವಾಗ ಹೌದು, ಯಾವಾಗ ಬೇಡ

ಈಗ ಎಲ್ಲರೂ ಮಾರುತ್ತಿರುವುದು ಇದನ್ನೇ. ಬ್ಯಾಟರಿ ಇರುವ ಪುಟ್ಟ ಡಬ್ಬಿ, ಆಯಸ್ಕಾಂತದಲ್ಲೋ ಎಪಾಕ್ಸಿಯಲ್ಲೋ ಅಂಟಿಸುತ್ತಾರೆ. ಅದರಿಂದ ಗೇಟ್‌ವೇ (ಸಿಗ್ನಲ್ ಹಿಡಿದು ಇಂಟರ್‌ನೆಟ್‌ಗೆ ದಾಟಿಸುವ ಪೆಟ್ಟಿಗೆ), ಅಲ್ಲಿಂದ ಕ್ಲೌಡ್, ಅಲ್ಲಿಂದ ನಿಮ್ಮ ಫೋನ್. ಕೈ ಹಾಕಲಾಗದ ಜಾಗದ ಮೆಷಿನ್‌ಗಳಿಗೆ ಇದು ನಿಜಕ್ಕೂ ವರ. ಕೂಲಿಂಗ್ ಟವರ್‌ನ ಒಳಗಿನ ಗೇರ್‌ಬಾಕ್ಸ್, ಛಾವಣಿ ಮೇಲಿನ ಎಗ್ಸಾಸ್ಟ್ ಫ್ಯಾನ್, ಬಿಸಿ ಜಾಗದ ಕನ್ವೇಯರ್ – ಅಲ್ಲಿಗೆ ಪೆನ್ ಹಿಡಿದು ಹೋಗುವುದು ಫಿಟ್ಟರ್‌ನ ಜೀವಕ್ಕೇ ಅಪಾಯ.

ಆದರೆ ಡಬ್ಬಿ ಎಲ್ಲ ಒಂದೇ ಅಲ್ಲ. ಒಳಗಿರುವ ಚಿಪ್ ಎಷ್ಟು ಹರ್ಟ್ಜ್‌ವರೆಗೆ ಅಳೆಯುತ್ತದೆ ಎಂದು ಮೊದಲು ಕೇಳಿ. ಅಗ್ಗದ ಮೆಮ್ಸ್ (ಅದುರು ಅಳೆಯುವ ಪುಟ್ಟ ಸಿಲಿಕಾನ್) ಚಿಪ್‌ಗಳಲ್ಲಿ ಒಂದೆರಡು ಸಾವಿರ ಹರ್ಟ್ಜ್‌ಗೇ ನಿಲ್ಲುವವು ಇವೆ, 10,000 ದಾಟುವ ಒಳ್ಳೆಯ ಮೆಮ್ಸ್ ಚಿಪ್‌ಗಳೂ ಈಗ ಇವೆ. ಮೊದಲನೆಯದರಲ್ಲಿ ತೂಕ ತಪ್ಪಿದ್ದು, ಅಲೈನ್‌ಮೆಂಟ್ ಹೋದದ್ದು ಚೆನ್ನಾಗಿ ಸಿಗುತ್ತದೆ. ಬೇರಿಂಗ್‌ನ ಆರಂಭದ ಸುಳಿವು ಸಿಗುವುದು ಅನುಮಾನ.

ಆಮೇಲೆ ರೇಡಿಯೊ. 2.4 ಗಿಗಾಹರ್ಟ್ಜ್‌ನ ವೈಫೈ, ಬ್ಲೂಟೂತ್‌ಗಳು ತಗಡಿನ ಶೆಡ್, ಉಕ್ಕಿನ ಕಂಬಗಳ ನಡುವೆ ಬೇಗ ಸೋಲುತ್ತವೆ. ಲೋರಾ ಎನ್ನುವ ಕಡಿಮೆ ವಿದ್ಯುತ್ತಿನ ರೇಡಿಯೊ ದೂರ ಹೋಗುತ್ತದೆ, ಭಾರತದಲ್ಲಿ 865–867 ಮೆಗಾಹರ್ಟ್ಜ್‌ಗೆ ಲೈಸೆನ್ಸ್ ಬೇಕಿಲ್ಲ. ಆದರೆ ಅದರ ಒಂದು ಸಂದೇಶ 255 ಬೈಟ್ ದಾಟುವಂತಿಲ್ಲ. ಬೇರಿಂಗ್ ದೋಷ ಬಿಡಿಸಿ ನೋಡಲು ಬೇಕಾದ ಅದುರಿನ ಪೂರ್ತಿ ಅಲೆ ಹತ್ತಾರು ಸಾವಿರ ಬೈಟ್ ಇರುತ್ತದೆ. ಹಾಗಾಗಿ ಲೋರಾ ಸೆನ್ಸರ್‌ಗಳು ಸಾಮಾನ್ಯವಾಗಿ ಒಟ್ಟು ಅಂಕಿಯನ್ನು ಮಾತ್ರ ಕಳಿಸುತ್ತವೆ, ಅಂದರೆ ತಾನೇ ಓಡಾಡುವ ಪೆನ್ ಮೀಟರ್. ಅದು ತಪ್ಪೇನಲ್ಲ, ಅನಲೈಸರ್ ಬೆಲೆ ಕೊಡಬೇಡಿ ಅಷ್ಟೇ.

ಬ್ಯಾಟರಿ ಐದು ವರ್ಷ ಎಂದರೆ ಎಷ್ಟು ಹೊತ್ತಿಗೊಮ್ಮೆ ಅಳೆದರೆ ಐದು ವರ್ಷ ಎಂದು ಕೇಳಿ. ದಿನಕ್ಕೆ ಒಂದೆರಡು ಸಲ ಮಾತ್ರ ಪೂರ್ತಿ ಅಲೆ ತೆಗೆಯುವ ಸೆನ್ಸರ್‌ಗಳು ಬಹಳ. ನಿಮ್ಮ ಮೆಷಿನ್ ಬಿಟ್ಟು ಬಿಟ್ಟು ಓಡುವಂಥದ್ದಾದರೆ, ಸೆನ್ಸರ್ ಎದ್ದು ನೋಡುವ ಹೊತ್ತಿಗೆ ಅದು ನಿಂತಿರಬಹುದು. ತಿಂಗಳುಗಟ್ಟಲೆ "ಎಲ್ಲ ಹಸಿರು" ಎಂದು ತೋರಿಸುತ್ತಾ ಕೂತಿರುತ್ತದೆ. ವಿಎಫ್‌ಡಿಯಲ್ಲಿ (ವೇಗ ಬದಲಿಸುವ ಸಾಧನ) ಓಡುವ ಮೋಟಾರ್ ಆದರೆ ಇನ್ನೊಂದು ತಲೆನೋವು: ವೇಗ ಬದಲಾದಂತೆ ಅದುರೂ ಬದಲಾಗುತ್ತದೆ. ನಿನ್ನೆ 30 ಹರ್ಟ್ಜ್‌ನಲ್ಲಿ ತೆಗೆದದ್ದನ್ನು ಇವತ್ತು 45 ಹರ್ಟ್ಜ್‌ನಲ್ಲಿ ತೆಗೆದದ್ದಕ್ಕೆ ಹೋಲಿಸಿ ಅಲಾರಂ ಹೊಡೆಯುವ ಸಾಫ್ಟ್‌ವೇರ್‌ನಿಂದ ಕಾಟವೇ ಜಾಸ್ತಿ. ಮೂರು ಸಲ ಸುಳ್ಳು ಅಲಾರಂ ಬಂದರೆ ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ.

ಕ್ಲೌಡ್ ವಿಷಯದಲ್ಲಿ ಒಂದು ಕಿವಿಮಾತು. ಅಮೆಜಾನ್ 2020ರ ಡಿಸೆಂಬರ್‌ನಲ್ಲಿ ಮಾನಿಟ್ರಾನ್ ಎನ್ನುವ ಇಂಥದ್ದೇ ಸೇವೆಯನ್ನು ದೊಡ್ಡದಾಗಿ ಪ್ರಕಟಿಸಿತು. 2024ರ ಅಕ್ಟೋಬರ್ 31ರಿಂದ ಹೊಸ ಗ್ರಾಹಕರಿಗೆ ಅದನ್ನು ಮುಚ್ಚಿತು. ಅಷ್ಟು ದೊಡ್ಡ ಕಂಪನಿಯ ಸೇವೆಯೇ ನಾಲ್ಕು ವರ್ಷದಲ್ಲಿ ಹೀಗಾಯಿತು. ನಿನ್ನೆ ಶುರುವಾದ ಸ್ಟಾರ್ಟಪ್ ಹತ್ತಿರ ಕೊಳ್ಳುವಾಗ ಮೂರು ವಿಷಯ ಬರಹದಲ್ಲಿ ತಗೊಳ್ಳಿ. ಕಚ್ಚಾ ಡೇಟಾ ನಮ್ಮ ಕೈಗೆ ಸಿಗುತ್ತದೆಯೇ? ಬಾಡಿಗೆ ನಿಲ್ಲಿಸಿದರೆ ಸೆನ್ಸರ್ ಬೇರೆ ಯಾವುದಕ್ಕಾದರೂ ಕೆಲಸ ಮಾಡುತ್ತದೆಯೇ? ಇಂಟರ್‌ನೆಟ್ ಹೋದರೆ ಅಲಾರಂ ಬರುತ್ತದೆಯೇ?

ಎಐ ಮಾತು ಕೇಳಿದಾಗ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಮೆಷಿನ್ ಕೆಡುವುದನ್ನು ಕಲಿಯಬೇಕಾದರೆ ಕೆಟ್ಟ ಮೆಷಿನ್‌ಗಳ ದಾಖಲೆ ಬೇಕು. ಮೂವತ್ತು ಮೋಟಾರಿನ ಕಾರ್ಖಾನೆಯಲ್ಲಿ ವರ್ಷಕ್ಕೆ ನಾಲ್ಕೈದು ಬ್ರೇಕ್‌ಡೌನ್ ಆದರೆ ಅದರಿಂದ ಏನು ಕಲಿಯಲು ಸಾಧ್ಯ? ಅದು ನಿಜವಾಗಿ ಮಾಡುವುದು "ಮಾಮೂಲಿಗಿಂತ ಬೇರೆ ಇದೆ" ಎಂದು ಎತ್ತಿ ತೋರಿಸುವ ಕೆಲಸ. ಉಪಯೋಗಕ್ಕೆ ಬರುತ್ತದೆ. "ಇನ್ನು 17 ದಿನ ಬಾಳುತ್ತದೆ" ಎಂದು ಹೇಳಿದರೆ ಮಾತ್ರ ನಂಬಬೇಡಿ.

ಟರ್ಬೈನ್ ಇರುವವರಿಗೆ ಆಯ್ಕೆಯೇ ಇಲ್ಲ

ಸಕ್ಕರೆ ಕಾರ್ಖಾನೆಯಲ್ಲಿ ವಿದ್ಯುತ್ ತಯಾರಿಸುವ ಕೋಜನರೇಶನ್ ಟರ್ಬೈನ್, ದೊಡ್ಡ ಕಂಪ್ರೆಸರ್ – ಇವುಗಳಲ್ಲಿ ಗುಂಡಿನ ಬೇರಿಂಗ್ ಇರುವುದಿಲ್ಲ, ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಆ ಎಣ್ಣೆ ಅದುರನ್ನು ನುಂಗಿಬಿಡುತ್ತದೆ, ಹೊರಗಿನ ಕೇಸಿಂಗ್ ಮುಟ್ಟಿ ನೋಡಿದರೆ ಪೂರ್ತಿ ತಿಳಿಯುವುದಿಲ್ಲ. ಶಾಫ್ಟ್ ಎಷ್ಟು ಮೈಕ್ರಾನ್ ಓಲಾಡುತ್ತಿದೆ ಎಂದು ಮುಟ್ಟದೆಯೇ ಅಳೆಯುವ ಪ್ರೋಬ್‌ಗಳು, ಮಿತಿ ದಾಟಿದರೆ ತಕ್ಷಣ ಟ್ರಿಪ್ ಮಾಡುವ ವ್ಯವಸ್ಥೆ ಬೇಕು. ಎಪಿಐ 670 ಎನ್ನುವ ಮಾನದಂಡ ಇರುವುದು ಇದಕ್ಕೇ. ಮೆಷಿನ್ ಜೊತೆಗೇ ಬಂದಿರುತ್ತದೆ. ನಿಮ್ಮ ಕೆಲಸ ಅದರ ಟ್ರಿಪ್ಪನ್ನು ಯಾರೂ ಬೈಪಾಸ್ ಮಾಡದಂತೆ ನೋಡಿಕೊಳ್ಳುವುದು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ರಷ್ಯಾದ ಸಯಾನೊ-ಶುಶೆನ್‌ಸ್ಕಾಯಾ ಜಲವಿದ್ಯುತ್ ಕೇಂದ್ರದಲ್ಲಿ 2009ರ ಆಗಸ್ಟ್ 17ರಂದು ಎರಡನೇ ಘಟಕ ಕಿತ್ತು ಹಾರಿ 75 ಜನ ಸತ್ತರು. ಟರ್ಬೈನ್ ಮುಚ್ಚಳದ ಬೋಲ್ಟ್‌ಗಳು ದಣಿದು ಮುರಿದಿದ್ದವು. ಬೇರಿಂಗ್‌ನ ಅದುರು ಮಿತಿ ದಾಟಿದ್ದರೂ ಘಟಕವನ್ನು ಓಡಿಸುತ್ತಿದ್ದರು ಎಂದು ತನಿಖೆ ಹೇಳಿತು. ಅಳತೆಯ ಕೊರತೆ ಅಲ್ಲಿ ಇರಲಿಲ್ಲ.

ಅದುರು ನೋಡಿ ಉಪಯೋಗವಿಲ್ಲದ ಕಡೆ

ಕಬ್ಬು ಅರೆಯುವ ರೋಲರ್ ನಿಮಿಷಕ್ಕೆ ಐದು ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅದು ಆಚೆ ಈಚೆ ಒಂದೊಂದು ಮಿಲಿಮೀಟರ್ ಓಲಾಡಿದರೂ ವೇಗದ ಲೆಕ್ಕದಲ್ಲಿ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಅಷ್ಟೇ. ಪೆನ್ ಮೀಟರ್ ಅದನ್ನೂ ತೋರಿಸುವುದಿಲ್ಲ. ಇಂಥ ಕಡೆ ಬೇರಿಂಗ್‌ನ ಬಿಸಿ ಮತ್ತು ಗೇರ್‌ಬಾಕ್ಸ್ ಎಣ್ಣೆಯ ಪರೀಕ್ಷೆಯನ್ನು ನಂಬಬೇಕು. ಎಣ್ಣೆಯಲ್ಲಿ ಕಬ್ಬಿಣ ಏರಿದರೆ ಗೇರ್ ಅಥವಾ ಬೇರಿಂಗ್ ಸವೆಯುತ್ತಿದೆ, ತಾಮ್ರ ಏರಿದರೆ ಬುಷ್, ಸಿಲಿಕಾನ್ ಏರಿದರೆ ಧೂಳು ಒಳಗೆ ಹೋಗುತ್ತಿದೆ. ಗೇರ್‌ಬಾಕ್ಸ್ ಓಡುತ್ತಿರುವಾಗ, ಪ್ರತಿ ಸಲ ಒಂದೇ ಜಾಗದಿಂದ ಸ್ಯಾಂಪಲ್ ತೆಗೆಯಿರಿ. ತಳದ ಡ್ರೈನ್ ಪ್ಲಗ್‌ನಿಂದ ತೆಗೆದದ್ದು ವರ್ಷಗಳ ಕೆಸರಿನ ಲೆಕ್ಕ ಕೊಡುತ್ತದೆ.

ಎಲೆಕ್ಟ್ರಿಕಲ್ ಪ್ಯಾನಲ್‌ಗೆ ಥರ್ಮಲ್ ಕ್ಯಾಮೆರಾ ಅಷ್ಟು ಒಳ್ಳೆಯದು ಬೇರೆ ಇಲ್ಲ, ಲೋಡ್ ಇರುವಾಗ ನೋಡಬೇಕು. ಹೊಳೆಯುವ ಬಸ್‌ಬಾರ್ ಮೇಲೆ ಅದು ನಿಜವಾದ ಬಿಸಿ ತೋರಿಸುವುದಿಲ್ಲ, ಕಪ್ಪು ಟೇಪ್ ಅಂಟಿಸಿದ ಜಾಗ ನೋಡಿ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪಂಪ್‌ಗೆ ಸೆನ್ಸರ್ ಅಂಟಿಸಲು ಆಗದು, ಅಲ್ಲಿ ಮೇಲಿನ ಪ್ಯಾನಲ್‌ನಲ್ಲಿ ಕರೆಂಟ್ ನೋಡುವುದೇ ದಾರಿ. ಗ್ರೀಸ್ ಹಾಕುವಾಗ ಅಲ್ಟ್ರಾಸೌಂಡ್ ಸಾಧನದಿಂದ ಕೇಳುತ್ತಾ ಹಾಕಿದರೆ ಎಷ್ಟು ಸಾಕು ಎಂದು ತಿಳಿಯುತ್ತದೆ. ಬೇರಿಂಗ್‌ಗಳು ಗ್ರೀಸ್ ಇಲ್ಲದೆ ಸಾಯುವಂತೆ ಗ್ರೀಸ್ ತುಂಬಿಸಿಯೂ ಸಾಯುತ್ತವೆ.

ಹಾಗಾದರೆ ನಿಮಗೆ ಯಾವುದು?

ಗಂಗಾವತಿ ಕಡೆಯ ಒಂದು ರೈಸ್ ಮಿಲ್ ಎಂದುಕೊಳ್ಳಿ. ಎಲಿವೇಟರ್, ಹೊಟ್ಟು ಬಿಡಿಸುವ ಶೆಲ್ಲರ್, ಪಾಲಿಶರ್, ಹೊಟ್ಟಿನ ಬಾಯ್ಲರ್. ಪೆನ್ ಮೀಟರ್, ಒಂದು ನೋಟ್‌ಬುಕ್, ವಾರಕ್ಕೊಮ್ಮೆ ಒಂದು ಸುತ್ತು. ಪಾಲಿಶರ್ ಮತ್ತು ಐಡಿ ಫ್ಯಾನ್‌ಗೆ ಹೊರಗಿನವರಿಂದ ಸೀಸನ್ ಮುಂಚೆ ಒಮ್ಮೆ ಬ್ಯಾಲೆನ್ಸಿಂಗ್. ಕ್ಲೌಡ್ ಬೇಡ. ಸಣ್ಣ ಎಲಿವೇಟರ್ ಮೋಟಾರ್‌ಗಳಿಗೆ ರೀಡಿಂಗ್ ಕೂಡ ಬೇಡ, ಅದೇ ಫ್ರೇಮ್‌ನ ಒಂದು ಸ್ಪೇರ್ ಮೋಟಾರ್ ಇಟ್ಟುಕೊಳ್ಳಿ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಾದರೆ ಚಿತ್ರ ಬೇರೆ. ಉಕ್ಕಿನ ಸಣ್ಣ ಗುಂಡು ಎರಚಿ ಎರಕವನ್ನು ಶುಚಿ ಮಾಡುವ ಶಾಟ್ ಬ್ಲಾಸ್ಟಿಂಗ್ ಚಕ್ರದ ಬ್ಲೇಡ್‌ಗಳು ಒಂದೊಂದು ಒಂದೊಂದು ರೀತಿ ಸವೆದು ಅದುರು ಬೇಗ ಏರುತ್ತದೆ, ಪ್ರತಿ ಶಿಫ್ಟ್ ನೋಡಬೇಕಾದ ಮೆಷಿನ್ ಅದು. ಅದಕ್ಕೂ ಡಸ್ಟ್ ಕಲೆಕ್ಟರ್ ಬ್ಲೋವರ್‌ಗೂ ಟ್ರಾನ್ಸ್‌ಮಿಟರ್ ಹಾಕಿ. ಉಳಿದದ್ದಕ್ಕೆ ಪೆನ್ ಸಾಕು.

ಪೀಣ್ಯದ ಸಿಎನ್‌ಸಿ ಶಾಪ್‌ನವರು ಕೇಳುವುದು ಸ್ಪಿಂಡಲ್, ಅಂದರೆ ಟೂಲ್ ಅಥವಾ ಜಾಬ್ ಹಿಡಿದು ತಿರುಗುವ ಶಾಫ್ಟ್ ಬಗ್ಗೆ. ಮೇಲಿನ 1.4, 2.8ರ ಪಟ್ಟಿಯನ್ನು ಸ್ಪಿಂಡಲ್‌ಗೆ ಹಚ್ಚಬೇಡಿ, ಅದಕ್ಕೆ ಬೇರೆಯೇ ದಾಖಲೆ ಇದೆ. ಪ್ರತಿ ಸೋಮವಾರ ಬೆಳಿಗ್ಗೆ ವಾರ್ಮ್‌ಅಪ್ ಆದ ಮೇಲೆ, ಟೂಲ್ ಇಲ್ಲದೆ, ಒಂದೇ ಆರ್‌ಪಿಎಂನಲ್ಲಿ ಓಡಿಸಿ ಒಂದು ರೀಡಿಂಗ್ ತೆಗೆಯಿರಿ. ಕಂಟ್ರೋಲರ್ ತೋರಿಸುವ ಸ್ಪಿಂಡಲ್ ಲೋಡ್ ಕೂಡ ಬರೆದುಕೊಳ್ಳಿ. ಕಟಿಂಗ್ ನಡೆಯುವಾಗಿನ ಅದುರಿನಲ್ಲಿ ಟೂಲ್, ಜಾಬ್, ಕೂಲಂಟ್ ಎಲ್ಲ ಬೆರೆತಿರುತ್ತದೆ, ಅದರಿಂದ ಸ್ಪಿಂಡಲ್ ಆರೋಗ್ಯ ತಿಳಿಯುವುದು ಕಷ್ಟ.

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಂಥ ಕಡೆ ಪಿಸ್ಟನ್ ಕಂಪ್ರೆಸರ್ ಇದ್ದರೆ, ಅದು ಸಹಜವಾಗಿಯೇ ಜಾಸ್ತಿ ಅದುರುತ್ತದೆ. ಫ್ಯಾನ್‌ನ ಮಿತಿ ಅದಕ್ಕೆ ಹಿಡಿದರೆ ದಿನವೂ ಕೆಂಪು ದೀಪವೇ. ಅಲ್ಲಿ ಎಣ್ಣೆ, ಡಿಸ್ಚಾರ್ಜ್ ಟೆಂಪರೇಚರ್, ಪ್ರೆಶರ್ ನೋಡಿ.

ಸಕ್ಕರೆ ಕಾರ್ಖಾನೆಗೆ ಇವೆಲ್ಲವೂ ಬೇಕಾಗುತ್ತವೆ, ಒಂದೊಂದು ಒಂದೊಂದು ಕಡೆ. ಟರ್ಬೈನ್‌ಗೆ ಆನ್‌ಲೈನ್, ರೋಲರ್ ಗೇರ್‌ಬಾಕ್ಸ್‌ಗೆ ಎಣ್ಣೆ ಪರೀಕ್ಷೆ, ಕಬ್ಬನ್ನು ಸೀಳಿ ನಾರು ಮಾಡುವ ಫೈಬ್ರೈಜರ್‌ನ ಮೋಟಾರ್‌ಗೆ ಟ್ರಾನ್ಸ್‌ಮಿಟರ್, ಪಂಪ್‌ಗಳಿಗೆ ಅನಲೈಸರ್ ಸುತ್ತು. ಕಡಿದ ಕಬ್ಬು ಗಾಡಿಯಲ್ಲಿ ಕಾಯುತ್ತಾ ನಿಂತರೆ ತೂಕವೂ ಹೋಗುತ್ತದೆ, ಸಕ್ಕರೆ ಇಳುವರಿಯೂ ಹೋಗುತ್ತದೆ. ಅಲ್ಲಿ ಒಂದು ದಿನದ ನಿಲುಗಡೆಯ ಬೆಲೆ ರೈತನೂ ಕೊಡುತ್ತಾನೆ. ಕಾರ್ಖಾನೆಗೆ ಇರುವ ಒಂದು ಅನುಕೂಲ ಎಂದರೆ ಸೀಸನ್ ಮುಗಿದ ಮೇಲಿನ ರಿಪೇರಿ ತಿಂಗಳುಗಳು. ಕೊನೆಯ ವಾರ ಮೆಷಿನ್‌ಗಳು ಪೂರ್ತಿ ಲೋಡ್‌ನಲ್ಲಿ ಇರುವಾಗಲೇ ಎಲ್ಲದರ ರೀಡಿಂಗ್ ತೆಗೆದಿಟ್ಟರೆ, ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಎನ್ನುವ ಪಟ್ಟಿ ಅಲ್ಲೇ ಸಿದ್ಧ.

ಯಾವುದನ್ನೇ ಕೊಳ್ಳುವ ಮುಂಚೆ ಮಾರುವವರಿಗೆ ಒಂದು ಪರೀಕ್ಷೆ ಕೊಡಿ. ಕೆಟ್ಟಿದೆ ಎಂದು ನಿಮಗೆ ಮೊದಲೇ ಗೊತ್ತಿರುವ ಒಂದು ಮೆಷಿನ್, ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು. ಎರಡಕ್ಕೂ ಅವರ ಸೆನ್ಸರ್ ಹಾಕಿಸಿ. ಯಾವುದು ಯಾವುದೆಂದು ಹೇಳಬೇಡಿ. ಹದಿನೈದು ದಿನ ಬಿಟ್ಟು ರಿಪೋರ್ಟ್ ಕೇಳಿ, ಕೆಟ್ಟ ಮೆಷಿನ್ನನ್ನು ಅವರ ಎದುರೇ ಬಿಚ್ಚಿಸಿ. ಆರ್ಡರ್ ಮಾತು ಆಮೇಲೆ. ಆರ್ಡರ್ ಕೊಡುವಾಗ ಕೂಡ ಅಲಾರಂ ಬಂದರೆ ಯಾರಿಗೆ ಫೋನ್ ಹೋಗಬೇಕು, ರಾತ್ರಿ ಶಿಫ್ಟ್‌ನಲ್ಲಿ ಮೆಷಿನ್ ನಿಲ್ಲಿಸುವ ಅಧಿಕಾರ ಯಾರದು ಎಂದು ಹೆಸರು ಬರೆದ ಒಂದು ಹಾಳೆಗೆ ಮಾಲೀಕರ ಸಹಿ ಹಾಕಿಸಿ, ಪ್ಯಾನಲ್ ಪಕ್ಕ ಅಂಟಿಸಿ.